ಏಟು ಬೀಳದ ಕಂಬ

ನಮ್ಮ ಕೊಟ್ಟಿಗೆಯ ನಡುಗಂಬವನ್ನು ಸಂಜೆ ಹಾಲು ಕರೆಯುವ ಹೊತ್ತಿಗೆ ಯಾರೋ ಮೂರು ಸಲ ತಟ್ಟುತ್ತಿದ್ದರು. ದಿನವೂ ಅಲ್ಲ. ತಿಂಗಳಿಗೊಮ್ಮೆ, ಕೆಲವು ಸಲ ಎರಡು ತಿಂಗಳಾದರೂ ಇಲ್ಲ. ಟಕ್, ಟಕ್, ಟಕ್. ಅಷ್ಟೇ. ಇಪ್ಪತ್ತೇಳು ವರ್ಷ ಕೇಳಿದ್ದೇನೆ. ಗಂಗರತ್ನಮ್ಮನಿಗೆ ತಲೆ ಕೆಟ್ಟಿದೆ ಎನ್ನುವವರು ಮೊದಲು ಬಂದು ನನ್ನ ಐದು ಹಸುಗಳ ಹಾಲು ಕರೆದು ತೋರಿಸಲಿ, ಆಮೇಲೆ ಮಾತಾಡಲಿ.

ಹುಳ ಇರಬೇಕು ಎಂದರು ನಮ್ಮವರು. ಹಸುವಿನ ಕೊಂಬು ತಾಗುತ್ತದೆ ಎಂದಳು ಮಗಳು ಸುಮಲತ. ಹಸುವಿನ ಕೊಂಬು ಎಣಿಸಿಕೊಂಡು ಮೂರೇ ಸಲ ಬಡಿಯುತ್ತದೆಯೇ? ನಾನು ವಾದಕ್ಕೆ ಹೋಗಲಿಲ್ಲ. ಅದು ಯಾರೆಂದು ನನಗೆ ಗೊತ್ತಿತ್ತು. ನಮ್ಮಣ್ಣ ಆಂಜಿನಪ್ಪ.

ಅಣ್ಣ ಕೆಜಿಎಫ್‌ನ ಗಣಿಯೊಂದರಲ್ಲಿ ಟಿಂಬರ್ ಕೆಲಸಕ್ಕಿದ್ದ. ನೆಲದೊಳಗೆ ಸುರಂಗ ಕೊರೆದ ಹಾಗೆಲ್ಲ ಮೇಲಿನ ಬಂಡೆ ಕುಸಿಯದಂತೆ ಮರದ ಕಂಬ ಕೊಡುವ ಕೆಲಸ. ಬೇತಮಂಗಲದ ಹತ್ತಿರದ ನಮ್ಮೂರಿನಿಂದ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ. ಶಿಫ್ಟು ಮುಗಿಸಿ ಮನೆಗೆ ಬಂದವನು ಒಳಗೆ ಕಾಲಿಡುವ ಮುಂಚೆ ಬಾಗಿಲುವಾಡವನ್ನು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟುವನು.

"ಬಾಗ್ಲು ತೆಗ್ದೇ ಐತಲ್ಲಾ, ಯಾಕ್ಲಾ ಬಡೀತೀಯ?" ಎಂದು ಅವ್ವ ಬಯ್ಯುತ್ತಿದ್ದಳು.

"ಒಳಗಿನ ಅಭ್ಯಾಸ ಕಣವ್ವಾ," ಎಂದು ನಗುತ್ತಿದ್ದ.

ಈ ಕೊಟ್ಟಿಗೆಯನ್ನು ಕಟ್ಟಿದವನೂ ಅವನೇ. ಸುತ್ತ ನೀಲಗಿರಿ ಕಂಬ, ನಡುವೆ ಮಾತ್ರ ಬೇವಿನ ಕಂಬ, ಅದರ ಮೇಲೆ ತೊಲೆ. ಕಟ್ಟಿದ ವರ್ಷವೇ ನನಗೆ ಅವನ ಬಗ್ಗೆ ಕೆಟ್ಟ ಕನಸು ಬಿತ್ತು. ಊರ ಮುಂದಿನ ಮುನೇಶ್ವರನಿಗೆ ಹರಕೆ ಹೊತ್ತೆ. ಹೊಸ ಪಂಚೆಯ ಒಂದು ತುಂಡನ್ನು ಅರಿಶಿನದಲ್ಲಿ ಅದ್ದಿ, ದೇವರ ಮುಂದೆ ಇಟ್ಟು, ಎರಡಾಗಿ ಹರಿದೆ. ಒಂದನ್ನು ನಡುಗಂಬಕ್ಕೆ ಕಟ್ಟಿದೆ. ಇನ್ನೊಂದನ್ನು ಅಣ್ಣನ ಕೈಗೆ ಕೊಟ್ಟೆ.

"ನೀನು ಕೆಲ್ಸ ಮಾಡೋ ಜಾಗದ ಕಂಬಕ್ಕೆ ಕಟ್ಟಣ್ಣ. ಕಟ್ಟಿದ್ ಮೇಲೆ ಅದು ದೇವ್ರ ಕಂಬ. ಯಾರೂ ಏಟು ಆಕ್ಬಾರ್ದು, ಆಣೆ."

ನಮ್ಮ ಕಡೆ ಅದು ಎಲ್ಲರಿಗೂ ಗೊತ್ತಿರುವುದೇ. ಅರಿಶಿನದ ಬಟ್ಟೆ ಕಟ್ಟಿದ ಮರಕ್ಕೆ ಕೊಡಲಿ ತಾಗಿಸುವುದಿರಲಿ, ಒಂದು ಮೊಳೆ ಹೊಡೆಯಲಿಕ್ಕೂ ಕೈ ಬರುವುದಿಲ್ಲ. ಶುಕ್ರವಾರ ಶುಕ್ರವಾರ ಮೊದಲ ಹಾಲನ್ನು ನಮ್ಮ ಕಂಬಕ್ಕೆ ಎರೆಯುತ್ತಿದ್ದೆ. ಅವನ ಬುತ್ತಿಯ ಜೊತೆಗೂ ಸಣ್ಣ ಡಬ್ಬಿಯಲ್ಲಿ ಒಂದಿಷ್ಟು ಹಾಲು ಕಳಿಸುತ್ತಿದ್ದೆ, ಅಲ್ಲಿಯ ಕಂಬಕ್ಕೆ ಎಂದು.

ಬಟ್ಟೆ ಕಟ್ಟಿ ಒಂದು ವರ್ಷವಾಗಿತ್ತು. ಕೆಳಗೆ ಕಂಬ ಮುರಿದು ಬಂಡೆ ಬಿತ್ತು. ಅಣ್ಣನನ್ನು ಪಂಚೆಯಲ್ಲಿ ಸುತ್ತಿ ತಂದರು, ಮುಖ ನೋಡಲು ಬಿಡಲಿಲ್ಲ. ಅವನ ಜೊತೆಗಾರ ಪೆರುಮಾಳ್ ಮಾತ್ರ ಮೈಮೇಲೆ ಒಂದು ಗೀರಿಲ್ಲದೆ ಮೇಲೆ ಬಂದಿದ್ದ.

ಪೆರುಮಾಳ್ ಎಷ್ಟು ಸಲ ನಮ್ಮ ಮನೆಯಲ್ಲಿ ಮುದ್ದೆ ಉಂಡಿದ್ದನೋ ಲೆಕ್ಕವಿಲ್ಲ. ಮಣ್ಣು ಮಾಡುವ ದಿನ ಹುಣಸೆ ಮರದ ಹತ್ತಿರ ದೂರ ನಿಂತಿದ್ದ. ನಾನು ಹಿಡಿ ಮಣ್ಣು ತೆಗೆದು ಅವನ ಎದೆಗೆ ಎಸೆದೆ. "ನಮ್ಮಣ್ಣನ್ನ ಬಿಟ್ಟು ಓಡಿ ಬಂದ್ಯೇನೋ?" ಎಂದು ಕೂಗಿದೆ. ಅವನು ತಲೆ ತಗ್ಗಿಸಿ ಹೊರಟುಹೋದ. ತಪ್ಪಿಲ್ಲದವನು ಸುಮ್ಮನೆ ಹೋಗುತ್ತಾನೆಯೇ? ಅವತ್ತಿನಿಂದ ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಹನ್ನೊಂದನೆಯ ದಿನ ಸಂಜೆ ಕೊಟ್ಟಿಗೆಯಲ್ಲಿ ಮೊದಲ ಸಲ ಆ ಸದ್ದು ಕೇಳಿದೆ.

ಹೆದರಿದೆನೇ? ಮೊದಲ ವರ್ಷ ಹೆದರಿದೆ. ಆಮೇಲೆ ಮಾತಾಡಿಸತೊಡಗಿದೆ. "ಬಂದ್ಯೇನಣ್ಣ, ಬಾ, ಕೂತ್ಕೋ," ಎನ್ನುವೆ. ಅಷ್ಟಕ್ಕೆ ಅವನು ಸುಮ್ಮನಾಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಏಟು. ಏನು ಬೇಕೋ ಪುಣ್ಯಾತ್ಮನಿಗೆ ಎಂದು ಕಂಬಕ್ಕೆ ಇನ್ನಷ್ಟು ಹಾಲೆರೆದೆ. ಪ್ರತಿ ಯುಗಾದಿಗೂ ಹಳೆಯ ಬಟ್ಟೆಯ ಮೇಲೆ ಹೊಸ ಅರಿಶಿನದ ಬಟ್ಟೆ ಸುತ್ತಿದೆ. ಇಪ್ಪತ್ತೇಳು ಸುತ್ತು. ಕಂಬದ ನಡು ಬಸುರಿ ಹೊಟ್ಟೆಯ ಹಾಗೆ ದಪ್ಪಗಾಗಿತ್ತು.

ಸುತ್ತಲಿನ ನೀಲಗಿರಿ ಕಂಬಗಳ ಕಥೆ ಬೇರೆ. ಗಂಜಲದಲ್ಲಿ ನಿಂತು ನಿಂತು ನಾಲ್ಕೈದು ವರ್ಷಕ್ಕೆ ಬುಡ ಕೊಳೆಯುತ್ತಿದ್ದವು. ಮೊದಲು ಹತ್ತಿಯಂಥ ಬಿಳಿ ಬೂಷ್ಟು, ಆಮೇಲೆ ಅಣಬೆ, ಆಮೇಲೆ ಬೆರಳಲ್ಲಿ ಚುಚ್ಚಿದರೆ ಪುಡಿ. ನಮ್ಮವರಿಗೆ ಇದನ್ನೆಲ್ಲ ನೋಡಲು ಪುರುಸೊತ್ತಿಲ್ಲ. ಬೆಳಗಿನ ಟ್ರೈನಿಗೆ ಬಂಗಾರಪೇಟೆಗೆ ಓಡಿದರೆ ಬೆಂಗಳೂರಿನ ಫ್ಯಾಕ್ಟರಿಯಿಂದ ವಾಪಸ್ಸು ಬರುವುದು ದೀಪ ಹಚ್ಚಿದ ಮೇಲೆ. ಹೋದ ವರ್ಷದ ಕೊನೆಯಲ್ಲಿ ರಾಬರ್ಟ್‌ಸನ್‌ಪೇಟೆಯಿಂದ ಒಂದು ಡಬ್ಬ ಕರಿ ಔಷಧಿ ತಂದರು. "ಇದು ಬಳಿದ್ರೆ ಇನ್ನತ್ತು ವರ್ಷ ಕಂಬದ ಯೋಚ್ನೆ ಇಲ್ಲ," ಎಂದು ಭಾನುವಾರ ಕೂತು ತಾವೇ ಬಳಿದರು. ನಡುಗಂಬಕ್ಕೆ ಮಾತ್ರ ಬ್ರಷ್ ತಾಗಿಸಲು ನಾನು ಬಿಡಲಿಲ್ಲ.

ದನಗಳಿಗೆ ಕಂಬ ನೆಕ್ಕುವ ಚಟ ಇದೆ, ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯೋಚಿಸಲಿಲ್ಲ. ಐದು ತಿಂಗಳ ಹೆಣ್ಣು ಕರು ಮೂಲೆಯ ಕಂಬ ನೆಕ್ಕಿತು. ಬಾಯಲ್ಲಿ ನೊರೆ ಬಂತು, ಮರುದಿನ ಮಧ್ಯಾಹ್ನ ನನ್ನ ತೊಡೆಯ ಮೇಲೆ ತಲೆ ಇಟ್ಟು ಸತ್ತಿತು. ನಮ್ಮವರು ಬಂದ ಕೂಡಲೇ ಹೇಳಿದೆ, ಇನ್ನು ಈ ಕೊಟ್ಟಿಗೆಯ ಹೊಸ್ತಿಲು ಯಾವ ಔಷಧಿಯೂ ದಾಟಕೂಡದು. ಕಲ್ಲಿನ ಕಂಬ ನೆಡಿಸೋಣ ಎಂದರು. ಅದೂ ಬೇಡ ಎಂದೆ. ಅಣ್ಣ ಮರದಲ್ಲಿ ಕಟ್ಟಿದ್ದು, ಮರದಲ್ಲೇ ಇರುತ್ತದೆ. ಅವರು ಹಣೆ ಚಚ್ಚಿಕೊಂಡು ಮಲಗಿದರು.

ಡೇರಿಯಲ್ಲಿ ಹಾಲು ಹಾಕಲು ನಿಂತಾಗ ನೆರೆಮನೆಯ ಪಾಪಕ್ಕ ಮೆಲ್ಲಗೆ ಹೇಳಿದಳು. "ಔಷ್ದಿ ಇಲ್ದೆ ಮರ ಉಳಿಸೋನು ಈ ಸುತ್ನಾಗೆ ಒಬ್ನೇ ಅವ್ನೆ ಕಣೆ. ನಂದಿದುರ್ಗ ಲೈನ್ನಾಗೆ. ನಿಂಗೆ ಗೊತ್ತಿರೋನೇಯ."

ಪಾಪಕ್ಕನ ಜೊತೆ ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಬಸ್ಸು ಹತ್ತಿದೆ. ಕಂಬಕ್ಕಾಗಿ ಮಾತ್ರ ಹೋದೆ ಎಂದರೆ ಸುಳ್ಳಾಗುತ್ತದೆ. ಬಿಟ್ಟು ಓಡಿ ಬಂದೆಯಾ ಎಂದು ಕೇಳಿದ್ದಕ್ಕೆ ನನಗೆ ಇನ್ನೂ ಉತ್ತರ ಬಂದಿರಲಿಲ್ಲ. ಸಾಯುವುದರೊಳಗೆ ಅದನ್ನು ಅವನ ಬಾಯಿಂದಲೇ ಕೇಳಬೇಕಿತ್ತು.

ಗಣಿ ಕೆಲಸಗಾರರ ಆ ಲೈನಿನ ಕೊನೆಯ ಮನೆ. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿದ್ದರೂ ಅಲ್ಲಿಯ ಮನೆಗಳು ಇನ್ನೂ ಸೈರನ್ನಿಗೆ ಕಾಯುತ್ತಿರುವ ಹಾಗೆ ಸಾಲಾಗಿ ನಿಂತಿವೆ. ಪೆರುಮಾಳ್ ಅಂಗಳದಲ್ಲಿ ಮಂಚದ ಕಾಲೊಂದನ್ನು ಬೆಂಕಿಯಲ್ಲಿ ತಿರುಗಿಸುತ್ತ ಕೂತಿದ್ದ. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತ. "ವಾಮ್ಮಾ... ಬಾ ತಂಗಚ್ಚಿ," ಎಂದ.

"ನಾನ್ ನಿಂಗೆ ತಂಗೀನೂ ಅಲ್ಲ, ತಂಗಚ್ಚೀನೂ ಅಲ್ಲ. ಕೊಟ್ಟಿಗೆ ಕಂಬ ಕೊಳೀತಾವೆ. ಔಷ್ದಿ ಆಕಂಗಿಲ್ಲ. ಬತ್ತೀಯಾ, ಇಲ್ವಾ?"

"ಬತ್ತೀನಿ," ಎಂದ. ಅಷ್ಟೇ.

ಸಂಕ್ರಾಂತಿ ಕಳೆದ ಮೇಲೆ ಬಂದ. ಹೊಸ ನೀಲಗಿರಿ ಕಂಬಗಳ ಸಿಪ್ಪೆಯನ್ನು ಒಂದೆಳೆ ಬಿಡದೆ ಕೆತ್ತಿದ. ಊರ ಕುಂಟೆಯಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದ. ಎರಡು ತಿಂಗಳು ವಾರಕ್ಕೊಂದು ಸಲ ಬಂದು ಮೊಣಕಾಲುದ್ದ ನೀರಿಗಿಳಿದು ಹೊರಳಿಸಿ ಹೋಗುತ್ತಿದ್ದ. ತೆಗೆದ ಮೇಲೆ ನೆರಳಲ್ಲಿ, ಕಲ್ಲಿನ ಮೇಲೆ, ಒಂದಕ್ಕೊಂದು ತಾಗದಂತೆ ಜೋಡಿಸಿ ಒಣಗಿಸಿದ. ಯುಗಾದಿ ಕಳೆದು ಬಿಸಿಲು ಬಲಿತಾಗ ಬುಡಗಳನ್ನು ಬೆಂಕಿಯಲ್ಲಿ ಕರ್ರಗೆ ಸುಟ್ಟು, ಮಸಿ ಉಜ್ಜಿ, ಬಿಸಿ ಹೊಂಗೆ ಎಣ್ಣೆ ತಿಕ್ಕಿದ. ನೆಲದಲ್ಲಿ ಹೂಳುವುದಲ್ಲ, ಅಡಿಗಲ್ಲಿನ ಮೇಲೆ ನಿಲ್ಲಿಸುವುದು ಎಂದ.

"ಇದ್ರಾಗೆ ಔಷ್ದಿ ಯಾವ್ದು? ಎಣ್ಣೆನಾ, ಬೆಂಕಿನಾ?" ಎಂದು ಕೇಳಿದೆ. ತಡೆಯಲಾಗಲಿಲ್ಲ.

"ಔಷ್ದಿ ಏನೂ ಇಲ್ಲಮ್ಮ. ಬೂಷ್ಟು ಅಂದ್ರೆ ಅದಕ್ಕೂ ಒಟ್ಟೆ ಐತೆ, ಬಾಯಾರಿಕೆ ಐತೆ. ಮರದಾಗಿರೋ ಸಿಹಿ ಬೇಕು, ಒದ್ದೆ ಬೇಕು. ಸಿಹೀನ ಕುಂಟೆ ನೀರು ಎಳ್ಕೊಂಡ್ಬಿಡ್ತು. ಒದ್ದೇನ ಗಾಳಿ ಎಳ್ಕೊಂತು. ಇನ್ ಮೇಲೆ ನೀರು ನಿಲ್ಲದೆ ನೋಡ್ಕೊಂಡ್ರೆ ಆಯ್ತು. ಬೆಂಕಿ, ಎಣ್ಣೆ ಎಲ್ಲಾ ಆಮೇಲಿಂದು."

ಒಂದೊಂದು ಕಂಬವನ್ನೂ ಕೊಡಲಿಯ ಹಿಂಬದಿಯಿಂದ ಹೊಡೆದು, ಕಿವಿ ಹಚ್ಚಿ ಕೇಳುತ್ತಿದ್ದ. ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಚೆನ್ನಾಗಿರುವ ಕಂಬ ಗಂಟೆಯ ಹಾಗೆ ಠಣ್ ಎನ್ನುತ್ತಿತ್ತು. "ಒಳ್ಳೇ ಮರ ಮುರಿಯೋಕ್ ಮುಂಚೆ ಕೂಗುತ್ತಮ್ಮ. ಆ ಕೂಗು ಕೇಳೇ ನಾವು ಕೆಳ್ಗಡೆ ಬದುಕ್ತಿದ್ದಿದ್ದು. ಕೊಳ್ತಿರೋ ಮರ ಕೂಗಲ್ಲ. ಸುಮ್ನೆ ಓಗ್ಬಿಡುತ್ತೆ."

ಆಗಲೇ ಕೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಕಾಫಿ ತರುತ್ತೇನೆ ಎಂದು ಎದ್ದು ಒಳಗೆ ಹೋದೆ. ಒಲೆಗೆ ಪಾತ್ರೆ ಇಟ್ಟು ಅದರ ಮುಂದೆಯೇ ನಿಂತೆ. ಅವನು ಹೌದು ಓಡಿದೆ ಎಂದರೆ ಏನು ಮಾಡಲಿ? ಇಲ್ಲ ಎಂದರೆ ಇಷ್ಟು ವರ್ಷದ ಸಿಟ್ಟನ್ನು ಎಲ್ಲಿಡಲಿ?

ಮೂಲೆಯ ಕಂಬಗಳನ್ನು ಬದಲಾಯಿಸುವ ದಿನ ಬಂತು. ತೊಲೆ ಅಲುಗದಂತೆ ನಡುವೆಯೂ ಸದ್ಯಕ್ಕೆಂದು ಎರಡು ಆನಿಕೆ ಕಂಬ ಕೊಟ್ಟ. ಸಂಜೆಯೊಳಗೆ ನಾಲ್ಕು ಮೂಲೆ ಮುಗಿಯಿತು. ನಾನು ಹಾಲು ಕರೆಯಲು ಕೂತಿದ್ದೆ. ಸುಮಲತ ಎಂದಿನಂತೆ ನಡುಗಂಬಕ್ಕೆ ಬೆನ್ನು ಕೊಟ್ಟು ಮೊಬೈಲ್ ನೋಡುತ್ತ ಬಿಂದಿಗೆಗೆ ಕಾದಿದ್ದಳು. ಪೆರುಮಾಳ್ ಎಣ್ಣೆಯ ಬೋಗುಣಿ ಎತ್ತಿಕೊಂಡು ಹೊರಡುತ್ತಿದ್ದ.

ಟಕ್, ಟಕ್, ಟಕ್.

ಬೋಗುಣಿ ಅವನ ಕೈಯಿಂದ ಜಾರಿತು. ನನಗೆ ಆ ಕ್ಷಣ ಏನನಿಸಿತು ಗೊತ್ತೇ? ಸಂತೋಷ. ಇಷ್ಟು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರಿಗೂ ಅದು ಅಣ್ಣನ ಹಾಗೆ ಕೇಳಿಸಿತ್ತು. ಪೆರುಮಾಳ್ ಹತ್ತಿರದ ಹೊಸ ಕಂಬಕ್ಕೆ ಹೋಗಿ ಬೆರಳ ಗೆಣ್ಣಿನಿಂದ ಒಂದೇ ಒಂದು ಸಲ ತಟ್ಟಿದ. ತಟ್ಟಿ ಕಾದ.

"ಅದೇನದು?" ಎಂದೆ.

"ರೂಲ್ಸಮ್ಮ," ಎಂದ. "ಕೆಳ್ಗಡೆ ಒಬ್ರು ಕೆಲ್ಸ ಮಾಡ್ತಿರೋ ಜಾಗಕ್ಕೆ ಇನ್ನೊಬ್ರು ಓಗ್ಬೇಕಾದ್ರೆ ಮೂರು ತಟ್ಬೇಕು. ಒಳಗಿರೋನು ಕಂಬ ಒಡ್ದು ನೋಡಿ, ಎಲ್ಲಾ ಸರಿ ಇದ್ರೆ ಒಂದು ತಟ್ತಾನೆ. ಅಂದ್ರೆ ಬಾ ಅಂತ. ತಿರುಗಿ ತಟ್ಟಿಲ್ಲಾಂದ್ರೆ ಒಳಗೆ ಕಾಲಿಡಂಗಿಲ್ಲ."

ನನ್ನ ಕೈ ಕೆಚ್ಚಲಿನ ಮೇಲೆಯೇ ನಿಂತುಹೋಯಿತು. ಇಪ್ಪತ್ತೇಳು ವರ್ಷ ಅಣ್ಣ ಒಳಗೆ ಬರಲಾ ಎಂದು ಕೇಳುತ್ತಲೇ ಇದ್ದ. ನಾನು ಬಾ, ಕೂತ್ಕೋ ಎನ್ನುತ್ತಿದ್ದೆನೇ ಹೊರತು ಒಂದು ಸಲ ತಿರುಗಿ ತಟ್ಟಿರಲಿಲ್ಲ.

ಮತ್ತೆ ಬಂತು. ಮೂರು ಏಟು, ಸುಮಲತಳ ಬೆನ್ನ ಹಿಂದಿನಿಂದಲೇ. ಅವಳು ಚೀರಿ ಎದ್ದು ನಿಂತಳು. ಪೆರುಮಾಳ್ ಕೊಡಲಿ ತೆಗೆದುಕೊಂಡ. "ಅದೊಂದ್ ಕಂಬ ನಾನು ಒಡ್ದು ನೋಡಿಲ್ಲ, ನೋಡ್ಬೇಕು," ಎಂದ.

ನಾನು ಹೋಗಿ ಅಡ್ಡ ನಿಂತೆ. "ಅದೊಂದಕ್ಕೆ ಏಟು ಆಕ್ಬೇಡ. ಅರಿಶ್ನ ಕಟ್ಟಿರೋ ಕಂಬ ಅದು. ದೇವ್ರ ಕಂಬ."

ಅವನು ಕೊಡಲಿಯನ್ನು ನೆಲಕ್ಕೂರಿ ಹಾಗೇ ಕುಸಿದು ಕೂತ. ಎರಡೂ ಕೈಯಿಂದ ತಲೆ ಹಿಡಿದುಕೊಂಡು, "ಐಯ್ಯೋ ಮುರುಗಾ, ಮುರುಗಾ," ಎಂದ.

"ಯಾಕೆ? ಏನಾಯ್ತು?"

"ಅವನೂ ಇದೇ ಅಂದ. ಇದೇ ಮಾತು."

ಯಾರು ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ, ನೆಲ ನೋಡುತ್ತ. "ಆ ಜಾಗದಾಗಿರೋ ಕಂಬ ಎಲ್ಲಾ ದಿನಾ ಒಡ್ದು ನೋಡ್ತಿದ್ವಿ. ಅದೊಂದು ಮಾತ್ರ ಇಲ್ಲ. 'ನಮ್ ಗಂಗ ಕಟ್ಟಿರೋದು, ಏಟು ಆಕ್ಬೇಡ ಪೆರುಮಾಳು' ಅಂತಿದ್ದ. ವಾರ ವಾರ ಆಲು ಎರೀತಿದ್ದ. ಅಲ್ಲಿ ಕಾವು, ಒದ್ದೆ, ಗಾಳಿ ಇಲ್ಲ. ಬಟ್ಟೆ ಒಣಗ್ತಾನೇ ಇರ್ಲಿಲ್ಲ. ಬಟ್ಟೆ ಕೆಳ್ಗಡೆ ಬೂಷ್ಟು ಇಣುಕಿದ್ದು ನಾನ್ ನೋಡ್ದೆ. ಒಂದಿನ ಕೊಡ್ಲಿ ಎತ್ದೆ. ಕೈ ಇಡ್ಕೊಂಡ. 'ಆಣೆ ಆಕವ್ಳೆ' ಅಂದ. ಇಳಿಸ್ಬಿಟ್ಟೆ. ಅದರ ಮಾರ್ನೇ ದಿನ..."

"ಕೂಗ್ಲಿಲ್ವಾ?" ಎಂದೆ. "ಕಂಬ ಕೂಗ್ಲಿಲ್ವಾ?"

"ಇಲ್ಲಮ್ಮ. ಅವನು ಅದಕ್ಕೇ ಒರಗಿ ಬುತ್ತಿ ಬಿಚ್ತಿದ್ದ. ನಾನು ಹತ್ತೆಜ್ಜೆ ಈಚೆ ಇದ್ದೆ. ಬಂಡೆ ಬಿತ್ತು, ನಾನು ಓಡ್ದೆ. ನೀನ್ ಕೇಳಿದ್ಯಲ್ಲ ಅವತ್ತು. ಓಡ್ದೆ. ಸುಳ್ಳೇಳಲ್ಲ."

"ಮಣ್ಣು ಎಸೆದಾಗ ಏಳ್ಬೋದಿತ್ತಲ್ಲ?" ಎಂದು ಕಿರುಚಿದೆ. "ನಿನ್ ಬಟ್ಟೆನೇ ಕೊಂದಿದ್ದು ಅಂತ ಏಳ್ಬೋದಿತ್ತಲ್ಲ!"

"ಏಳಿದ್ರೆ ನೀನು ಬಾವಿಗೆ ಬೀಳ್ತಿದ್ದೆ. ನನ್ನ ಬಯ್ಕೊಂಡಿದ್ರೆ ನಂಗೇನೂ ಆಗಲ್ವಲ್ಲ, ಅದಕ್ಕೇ."

ಹಾಲಿನ ಬಿಂದಿಗೆಗೆ ಬೆಕ್ಕು ಬಾಯಿ ಹಾಕಿತು, ಓಡಿಸಲೂ ಮನಸ್ಸಾಗಲಿಲ್ಲ. ಶುಕ್ರವಾರದ ಆ ಸಣ್ಣ ಡಬ್ಬಿ ಕಣ್ಣಿಗೆ ಕಟ್ಟಿತು. ಮುಚ್ಚಳ ಸಡಿಲ ಇದೆ, ಚೆಲ್ಲದ ಹಾಗೆ ಒಯ್ಯಿ ಅಣ್ಣ ಎಂದು ಹೇಳಿ ಹೇಳಿ ಕಳಿಸಿದ್ದೆ. ಅಯ್ಯೋ ದೇವರೇ, ಒಂದು ತೊಟ್ಟೂ ಚೆಲ್ಲದಂತೆ ಒಯ್ದಿದ್ದ.

"ದನ ಆಚೆ ಕಟ್ಟೇ," ಎಂದು ಸುಮಲತಳಿಗೆ ಹೇಳಿದೆ. ಐದೂ ಹಸು ಹೊರಗೆ ಹೋದ ಮೇಲೆ ಕಂಬದ ಮುಂದೆ ಕೂತು ಬಟ್ಟೆ ಬಿಚ್ಚತೊಡಗಿದೆ. ಮೇಲಿನ ಸುತ್ತುಗಳು ಒಣಗಿದ್ದವು. ಒಳಗೊಳಗೆ ಹೋದಂತೆ ತೇವ, ಹುಳಿ ಹಾಲಿನ ನಾತ. ಕೊನೆಯ ಸುತ್ತು, ಅಣ್ಣನಿಗೆ ಕೊಟ್ಟದ್ದರ ಜೊತೆಯದು, ಕಂಬಕ್ಕೆ ಅಂಟಿಕೊಂಡಿತ್ತು. ಎಳೆದರೆ ಬಿಳಿ ಬೂಷ್ಟಿನ ಚರ್ಮವೇ ಅದರ ಜೊತೆ ಎದ್ದು ಬಂತು. ಬೇವಿನ ಕಂಬಕ್ಕೆ ಏನೂ ಆಗುವುದಿಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದವಳು ನಾನು.

ಕೊಡಲಿಗೆ ಕೈ ಚಾಚಿದೆ. ಪೆರುಮಾಳ್ ಕೊಟ್ಟ. ಮುನೇಶ್ವರನನ್ನು ನೆನೆಯಲಿಲ್ಲ. ಹಿಂಬದಿ ತಿರುಗಿಸಿ ಹೊಡೆದೆ.

ಠಣ್ ಎನ್ನಲಿಲ್ಲ. ಟಕ್ ಎಂದೂ ಅನ್ನಲಿಲ್ಲ. ಕೊಡಲಿಯ ತಲೆ ಬಿಸಿ ಮುದ್ದೆಯೊಳಗೆ ಬೆರಳು ಹೋದಂತೆ ಒಳಗೆ ಹೋಯಿತು. ಎಳೆದಾಗ ಕಂದು ಪುಡಿ ಸುರಿಯಿತು. ಇನ್ನೊಂದು ಏಟಿಗೆ ಕಂಬ ನಡುವಿನಲ್ಲಿ ಎರಡಾಗಿ, ಒಂದು ಕಿರ್ ಎನ್ನದೆ, ನನ್ನ ಕಾಲ ಹತ್ತಿರ ಬಿತ್ತು. ತೊಲೆ ಒಂದು ಬೆರಳಷ್ಟು ಇಳಿದು ಆನಿಕೆಗಳ ಮೇಲೆ ಕೂತಿತು. ಸುಮಲತ ಬೆನ್ನು ಕೊಟ್ಟು ಕೂರುತ್ತಿದ್ದ ಜಾಗದಲ್ಲಿ ಕಂಬದ ಮೇಲ್ತುಂಡು ಬಿದ್ದಿತ್ತು. ಅವಳು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು.

ಆಗ ಅತ್ತೆ. ಇಪ್ಪತ್ತೇಳು ವರ್ಷ ಪೆರುಮಾಳನನ್ನು ಬೈದುಕೊಂಡು ತಡೆದಿಟ್ಟದ್ದೆಲ್ಲ ಬಂತು. ಅವನು ಬಿದ್ದ ಕಂಬದ ಪುಡಿಯನ್ನು ಪೊರಕೆಯಿಂದ ಒಂದು ಕಡೆ ಗುಡಿಸುತ್ತಿದ್ದ.

"ಕತ್ತಲಾಗ್ತೈತೆ, ಊಟ ಮಾಡ್ಕೊಂಡ್ ಓಗು ಪೆರುಮಾಳಣ್ಣ," ಎಂದೆ ಕೊನೆಗೆ.

ಪೊರಕೆ ನಿಂತಿತು. "ಸೆರಿ ತಂಗಚ್ಚಿ," ಎಂದ.

ಹೊಸ ನಡುಗಂಬವನ್ನು ಮುಂದಿನ ವಾರ ನಿಲ್ಲಿಸಿದೆವು. ಬುಡ ಸುಟ್ಟದ್ದು ಅವನು, ಎಣ್ಣೆ ತಿಕ್ಕಿದ್ದು ನಾನು. ಪಾಪಕ್ಕ ಬಂದು ನೋಡಿ, "ಅರಿಶ್ನ ಕಟ್ಟಲ್ವೇನೇ?" ಎಂದಳು. ಇಲ್ಲ ಎಂದೆ. ಶುಕ್ರವಾರದ ಹಾಲೂ ಇಲ್ಲ. ಮುನೇಶ್ವರನಿಗೆ ಬೇಕಾದರೆ ಗುಡಿಯಲ್ಲೇ ಕೊಡುತ್ತೇನೆ, ಅಲ್ಲಿ ಕಲ್ಲಿದೆ.

ಆ ಸಂಜೆಯ ನಂತರ ಸದ್ದು ಬಂದಿಲ್ಲ. ಎಂಟು ತಿಂಗಳಾಯಿತು. ಒಳ್ಳೆಯದೇ ಆಯಿತು ಎನ್ನುತ್ತಾರೆ ನಮ್ಮವರು. ಅವರಿಗೇನು ಗೊತ್ತು? ಆ ಸದ್ದು ಇದ್ದಷ್ಟು ವರ್ಷ ಅಣ್ಣ ಇದ್ದ. ಈಗ ಕೊಟ್ಟಿಗೆ ಬರೀ ಕೊಟ್ಟಿಗೆ.

ದಿನಾ ಹಾಲು ಕರೆಯುವ ಮುಂಚೆ ಕೊಡಲಿಯ ಹಿಂಬದಿಯಿಂದ ಪ್ರತಿ ಕಂಬವನ್ನೂ ಹೊಡೆದು ಕಿವಿ ಹಚ್ಚುತ್ತೇನೆ. ಎಲ್ಲವೂ ಠಣ್ ಎನ್ನುತ್ತವೆ. ಕೊನೆಗೆ ಸುಮಲತ ಹಾಲು ಎತ್ತಿಕೊಂಡು ಡೇರಿಗೆ ಹೋದ ಮೇಲೆ, ನಡುಗಂಬದ ಮುಂದೆ ನಿಂತು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟುತ್ತೇನೆ. ತಟ್ಟಿ ಕಾಯುತ್ತೇನೆ. ಹಸುಗಳು ಮೆಲುಕು ಹಾಕುವುದು ಕೇಳುತ್ತದೆ, ಬೇತಮಂಗಲದ ಬಸ್ಸಿನ ಹಾರನ್ ಕೇಳುತ್ತದೆ. ಆ ಒಂದು ಏಟು ಮಾತ್ರ ಇವತ್ತಿನವರೆಗೆ ಬಂದಿಲ್ಲ. ಬಾ ಎಂದು ಅವನು ಹೇಳುವವರೆಗೆ ನಾನು ಹೋಗುವ ಹಾಗಿಲ್ಲ.